ರಿಗ್ಲಿ ಫೀಲ್ಡ್‌ಗೆ ಪೆನ್ಸಿಲ್ ಹಿಡಿದು ಹೋಗುವವರಿಗೆ

ಷಿಕಾಗೋದ ಬೇಸ್‌ಬಾಲ್ ಮೈದಾನ ರಿಗ್ಲಿ ಫೀಲ್ಡ್‌ನಲ್ಲಿ ಮೆಟ್ಟಿಲು ಹತ್ತಿ ಅದರ ಹಸಿರು ಕಂಡ ಕೂಡಲೇ ಹೊಸಬರು ಫೋನ್ ತೆಗೆಯುತ್ತಾರೆ. ಹಳಬರು ಕತ್ತೆತ್ತಿ ಬಾವುಟ ನೋಡುತ್ತಾರೆ. ಬ್ಯಾಟರ್ ಎದುರಿಗೆ ದೂರದಲ್ಲಿರುವ ಸೆಂಟರ್ ಫೀಲ್ಡ್‌ನ ಹಿಂದೆ ಹಸಿರು ಬಣ್ಣದ ದೊಡ್ಡ ಸ್ಕೋರ್‌ಬೋರ್ಡ್ ಇದೆ. ಅದರ ನೆತ್ತಿಯ ಮೇಲೆ ಸಾಲುಸಾಲು ಬಾವುಟಗಳು. ಬಟ್ಟೆ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಕಡೆಗೆ ಹಾರುತ್ತಿದ್ದರೆ ಗಾಳಿ ಒಳಕ್ಕೆ ಬೀಸುತ್ತಿದೆ ಎಂದು ಲೆಕ್ಕ. ಆ ದಿನ ಎತ್ತರಕ್ಕೆ ಹೊಡೆದ ಚೆಂಡು ಗೋಡೆ ದಾಟುವ ಮೊದಲೇ ಸುಸ್ತಾಗಿ ಫೀಲ್ಡರ್ ಕೈಗೆ ಬೀಳುತ್ತದೆ. ಬಟ್ಟೆ ಬೀದಿಯ ಕಡೆಗೆ ಹಾರುತ್ತಿದ್ದರೆ ಚೆಂಡು ಎಸೆಯುವ ಪಿಚರ್‌ನ ಗ್ರಹಚಾರ ಕೆಟ್ಟಿತೆಂದೇ ತಿಳಿಯಿರಿ.

ಇದಕ್ಕೆ ಕಾರಣ ಸರಳ. ಹೋಮ್ ಪ್ಲೇಟ್ ಇರುವುದು ಮೈದಾನದ ನೈಋತ್ಯ ಮೂಲೆಯಲ್ಲಿ, ಬ್ಯಾಟರ್ ಮುಖ ಮಾಡಿ ನಿಲ್ಲುವುದು ಈಶಾನ್ಯಕ್ಕೆ. ಪೂರ್ವಕ್ಕೆ ಒಂದು ಕಿಲೋಮೀಟರ್ ಆಸುಪಾಸಿನಲ್ಲಿ ಮಿಷಿಗನ್ ಸರೋವರ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಇನ್ನೂ ತಣ್ಣಗಿರುವಾಗ ಸರೋವರದ ಗಾಳಿ ನೇರ ಬ್ಯಾಟರ್ ಮುಖಕ್ಕೆ ಬಡಿಯುತ್ತದೆ. ಬಿಸಿಲೇರಿದ ಮೇಲೆ ನೈಋತ್ಯದ ಬೆಚ್ಚನೆ ಗಾಳಿ ಎದ್ದರೆ ಅದೇ ಚೆಂಡು ಬೀದಿಗೆ ಹೋಗಿ ಬೀಳುತ್ತದೆ. 1979ರ ಮೇ 17ರಂದು ಗಾಳಿ ಜೋರಾಗಿ ಹೊರಕ್ಕೆ ಬೀಸುತ್ತಿತ್ತು. ಫಿಲಡೆಲ್ಫಿಯಾ ಫಿಲೀಸ್ ಮತ್ತು ಈ ಮೈದಾನದ ತಂಡ ಷಿಕಾಗೋ ಕಬ್ಸ್ ನಡುವಿನ ಆ ಆಟದಲ್ಲಿ ಮೊದಲ ಇನಿಂಗ್ಸ್ ಮುಗಿದಾಗಲೇ 7-6. (ಎರಡೂ ತಂಡ ಮೂರು ಮೂರು ಔಟ್ ಆಗುವವರೆಗೆ ಒಂದೊಂದು ಸಲ ಬ್ಯಾಟ್ ಮಾಡಿದರೆ ಒಂದು ಇನಿಂಗ್ಸ್; ಮಾಮೂಲಿ ಆಟಕ್ಕೆ ಒಂಬತ್ತು.) ಕೊನೆಗೆ ಹತ್ತು ಇನಿಂಗ್ಸ್ ಆಡಿ ಫಿಲೀಸ್ 23-22ರಿಂದ ಗೆದ್ದಿತು. ಎರಡೂ ಕಡೆ ಸೇರಿ 11 ಹೋಮ್ ರನ್, ಅಂದರೆ ಗೋಡೆ ದಾಟಿದ ಹೊಡೆತ. ಅದರಲ್ಲಿ ಮೂರು ಕಬ್ಸ್‌ನ ಡೇವ್ ಕಿಂಗ್‌ಮನ್ ಒಬ್ಬನದೇ. ಅಂಥ ದಿನ ಸ್ಕೋರ್ ಬರೆಯಲು ಕೂತವನ ಗತಿ ಏನಾಗಿರಬೇಕು ಎಂಬುದಕ್ಕೆ ಮುಂದೆ ಬರುತ್ತೇನೆ.

ಮೊದಲಿಗೆ, ಆಟ ನೋಡುತ್ತಾ ಹಾಳೆಯಲ್ಲಿ ಸ್ಕೋರ್ ಯಾಕೆ ಬರೆಯಬೇಕು? ಈ ಮೈದಾನ ತಾನೇ ಕೈಯಲ್ಲಿ ಲೆಕ್ಕ ಇಡುವಂಥದ್ದು, ಅದಕ್ಕೆ. 1914ರಲ್ಲಿ ಶುರುವಾದ ಅಂಗಳ ಇದು. ಅಮೆರಿಕದ ಮೇಲ್ದರ್ಜೆ ಬೇಸ್‌ಬಾಲ್ ಆದ ಮೇಜರ್ ಲೀಗ್‌ನಲ್ಲಿ ಇದಕ್ಕಿಂತ ಹಳೆಯದು ಬಾಸ್ಟನ್‌ನ ಫೆನ್‌ವೇ ಪಾರ್ಕ್ ಒಂದೇ. ಕಬ್ಸ್ ಇಲ್ಲಿಗೆ ಬಂದದ್ದು 1916ರಲ್ಲಿ. 1937ರಲ್ಲಿ ಕಟ್ಟಿದ ಸ್ಕೋರ್‌ಬೋರ್ಡ್‌ನ ಹೊಟ್ಟೆಯೊಳಗೆ ಇವತ್ತಿಗೂ ಆಳುಗಳು ಕೂತಿರುತ್ತಾರೆ. ರನ್ ಬಂದಂತೆ ಅಂಕಿಯ ಲೋಹದ ಹಲಗೆಯನ್ನು ಕಿಂಡಿಯಲ್ಲಿ ಕೈಯಾರೆ ಬದಲಿಸುತ್ತಾರೆ. 2015ರಲ್ಲಿ ಎಡಕ್ಕೂ ಬಲಕ್ಕೂ ವಿಡಿಯೊ ಪರದೆ ಬಂತು ನಿಜ, ಆದರೂ ನಡುವಿನ ಈ ಬೋರ್ಡನ್ನು ಮುಟ್ಟಲಿಲ್ಲ. ಅದರ ಎದುರು ಕೂತು ಮೊಬೈಲ್ ಆಪ್‌ನಲ್ಲಿ ಸ್ಕೋರ್ ನೋಡುವುದೆಂದರೆ ಮದುವೆ ಊಟಕ್ಕೆ ಹೋಗಿ ಬುತ್ತಿ ಬಿಚ್ಚಿದಂತೆ.

ಕ್ರಿಕೆಟ್ ಸ್ಕೋರ್ ಪುಸ್ತಕ ನೋಡಿ ಬೆಳೆದವರಿಗೆ ಇದು ಪೂರಾ ಹೊಸದೂ ಅಲ್ಲ. ಬೇಸ್‌ಬಾಲ್ ಸ್ಕೋರ್ ಪದ್ಧತಿಗೆ ರೂಪ ಕೊಟ್ಟವನೆಂದು ಹೆಸರಾದ ಹೆನ್ರಿ ಚಾಡ್ವಿಕ್ ಇಂಗ್ಲೆಂಡ್‌ನಲ್ಲಿ ಹುಟ್ಟಿದವನು. ನ್ಯೂಯಾರ್ಕ್‌ನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವನು 1850ರ ದಶಕದಲ್ಲಿ ಬೇಸ್‌ಬಾಲ್‌ಗೆ ಮನಸೋತು, ಕ್ರಿಕೆಟ್ಟಿನ ಲೆಕ್ಕದ ಅಭ್ಯಾಸವನ್ನು ಜೊತೆಗೇ ಹೊತ್ತು ತಂದ.

ಜಾಗದ ಆಯ್ಕೆಯಲ್ಲೇ ಅರ್ಧ ಜನ ಎಡವುತ್ತಾರೆ. ಮೇಲಂತಸ್ತನ್ನು ಹೊತ್ತ ಉಕ್ಕಿನ ಕಂಬಗಳು 200ರ ಸರಣಿಯ ಸೀಟುಗಳ ನಡುವೆ ನಿಂತಿವೆ. ಟಿಕೆಟ್ ಅಗ್ಗವೆಂದು ಕಂಬದ ಹಿಂದೆ ಕೂತರೆ ಪಿಚರ್ ಕಾಣುತ್ತಾನೆ, ಬ್ಯಾಟರ್ ಕಾಣುವುದಿಲ್ಲ, ಅಥವಾ ಅದೇ ತಿರುಗುಮುರುಗು. ಇದೇ ಸರಣಿಯ ಹಿಂದಿನ ಸಾಲುಗಳಲ್ಲಿ ಇನ್ನೊಂದು ತಾಪತ್ರಯ: ಮೇಲಂತಸ್ತಿನ ಅಡಿಭಾಗ ತಲೆಯ ಮೇಲೆ ಚಾಚಿಕೊಂಡಿರುವುದರಿಂದ ಎತ್ತರಕ್ಕೆ ಹೋದ ಚೆಂಡು ಮಾಯವಾಗಿ ಎಲ್ಲೋ ಇಳಿಯುತ್ತದೆ. ಸುಮ್ಮನೆ ನೋಡುವವರಿಗೆ ಪರವಾಗಿಲ್ಲ. ಹಿಡಿದವನು 7ನೆಯವನೋ 8ನೆಯವನೋ (ಈ ಸಂಖ್ಯೆಗಳ ವಿವರ ಮುಂದಿದೆ) ಎಂದು ಬರೆಯಬೇಕಾದವರಿಗೆ ಆಗದು. ಬರೆಯುವವರಿಗೆ ಸರಿಯಾದ ಜಾಗ ಹೋಮ್ ಪ್ಲೇಟ್ ಹಿಂದುಗಡೆ ಮೇಲಂತಸ್ತು, 300ರ ಸರಣಿ. ಒಂಬತ್ತೂ ಫೀಲ್ಡರ್‌ಗಳು, ಸ್ಕೋರ್‌ಬೋರ್ಡ್, ಬಾವುಟ, ಅದರಾಚೆ ಬೀದಿಯ ಮನೆಗಳ ತಾರಸಿಯ ಮೇಲೆ ಕೂತವರು, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತದೆ. ಏಪ್ರಿಲ್‌ನಲ್ಲಾದರೆ ಅಲ್ಲಿ ಗಾಳಿ ಕೊರೆಯುತ್ತದೆ. ಬೆರಳು ಮರಗಟ್ಟಿದರೆ ಪೆನ್ಸಿಲ್ ಹಿಡಿಯಲಾಗದು. ತುದಿ ಕತ್ತರಿಸಿದ ಕೈಗವಸು ಒಯ್ಯಿರಿ.

ಬ್ಲೀಚರ್ಸ್ ಎಂಬ ಔಟ್‌ಫೀಲ್ಡ್ ಬೆಂಚುಗಳ ಗಮ್ಮತ್ತೇ ಬೇರೆ. ಎದುರಾಳಿ ಹೊಡೆದ ಹೋಮ್ ರನ್ ಚೆಂಡು ಅಲ್ಲಿ ನಿಮ್ಮ ಕೈಗೆ ಸಿಕ್ಕರೆ ಸುತ್ತಲಿನವರು ಅದನ್ನು ವಾಪಸ್ ಮೈದಾನಕ್ಕೆ ಎಸೆಯುವವರೆಗೂ ಬಿಡುವುದಿಲ್ಲ. ಆದರೆ ಮಧ್ಯಾಹ್ನದ ಆಟದಲ್ಲಿ ನೆರಳೆಂಬುದಿಲ್ಲ, ಮಗ್ಗುಲಲ್ಲಿದ್ದವನ ಬಿಯರ್ ಯಾವ ಕ್ಷಣದಲ್ಲಾದರೂ ನಿಮ್ಮ ಹಾಳೆಯ ಮೇಲೆ ಅಭಿಷೇಕವಾಗಬಹುದು. ಅಲ್ಲಿ ಕೂತು ಬರೆಯುವ ಹಟ ಬೇಡ. ಇಲ್ಲಿ ಹಗಲಿನ ಆಟ ಜಾಸ್ತಿ. 1988ರ ಆಗಸ್ಟ್‌ವರೆಗೆ ದೀಪವೇ ಇರಲಿಲ್ಲ. ದೀಪ ಹಚ್ಚಿದ ಮೊದಲ ರಾತ್ರಿ, ಆಗಸ್ಟ್ 8ರಂದು, ಮಳೆ ಸುರಿದು ಆಟ ನಿಂತಿತು. ಪೂರ್ತಿ ಆಡಿದ್ದು ಮರುದಿನವೇ. ಮಧ್ಯಾಹ್ನ 1:20ರ ಆಟಕ್ಕೆ ಮೂರನೇ ಬೇಸ್ ಬದಿಯ (ಹೋಮ್ ಪ್ಲೇಟ್ ಹಿಂದಿನಿಂದ ನೋಡಿದರೆ ಎಡಗಡೆಯ) ಸೀಟು ಹಿಡಿದರೆ ಸೂರ್ಯ ಪಶ್ಚಿಮಕ್ಕೆ ವಾಲಿದಂತೆ ಬೆನ್ನ ಹಿಂದೆ ಹೋಗುತ್ತಾನೆ, ಹಾಳೆಯೂ ಕಣ್ಣಿಗೆ ಹೊಡೆಯುವುದಿಲ್ಲ.

ಕಾರು ಬೇಡ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಒಂದು ಇನಿಂಗ್ಸ್ ಹೋಗುತ್ತದೆ. ಉಪನಗರ ನೇಪರ್‌ವಿಲ್ ಕಡೆಯ ಕನ್ನಡಿಗರು ಬಿಎನ್‌ಎಸ್‌ಎಫ್ ರೈಲಿನಲ್ಲಿ ಯೂನಿಯನ್ ಸ್ಟೇಷನ್‌ಗೆ ಬಂದು, ಪೂರ್ವಕ್ಕೆ ಹದಿನೈದು ನಿಮಿಷದಷ್ಟು ನಡೆದು, ಜಾಕ್ಸನ್ ಸ್ಟೇಷನ್‌ನಲ್ಲಿ ಹೊವರ್ಡ್ ಕಡೆಗೆ ಹೋಗುವ ರೆಡ್ ಲೈನ್ ನಗರ ರೈಲು ಹತ್ತಿದರೆ ಆಯಿತು. ಇಳಿಯುವುದು ಆ್ಯಡಿಸನ್. ಟಿಕೆಟ್ ಫೋನಿನಲ್ಲೇ ಇರುತ್ತದೆ, ಗೇಟಿಗೆ ಬರುವ ಹೊತ್ತಿಗೆ ಬ್ಯಾಟರಿ ಉಳಿದಿರಲಿ.

ಸ್ಕೋರ್‌ಕಾರ್ಡ್ ಒಳಗೇ ಮಾರುತ್ತಾರೆ. ಮನೆಯಿಂದ ಒಯ್ಯುವುದಾದರೆ ದಪ್ಪ ಕಾಗದದಲ್ಲಿ ಎರಡು ಹಾಳೆ ಅಚ್ಚು ಹಾಕಿಕೊಳ್ಳಿ, ತಂಡಕ್ಕೊಂದು. ಕೆಳಗೆ ಒತ್ತಿಗೆ ಒಂದು ರಟ್ಟು. ಪೆನ್ನು ಬೇಡವೇ ಬೇಡ. ತೀರ್ಪು ಬದಲಾಗುತ್ತದೆ, ನಿಮ್ಮ ಕಣ್ಣೂ ತಪ್ಪುತ್ತದೆ. 0.7 ಮಿಲಿಮೀಟರ್ ಕಡ್ಡಿಯ ಮೆಕ್ಯಾನಿಕಲ್ ಪೆನ್ಸಿಲ್ ಸಾಕು, 0.5 ತೊಡೆಯ ಮೇಲಿಟ್ಟು ಬರೆಯುವಾಗ ಪಟಪಟ ಮುರಿಯುತ್ತದೆ. ರಬ್ಬರ್ ಬೇರೆಯೇ ಇರಲಿ. ತಿನ್ನಲು ಸಸ್ಯಾಹಾರಿಗಳಿಗೆ ಸಿಪ್ಪೆ ಸಮೇತದ ಹುರಿದ ಕಡಲೆಕಾಯಿ ನಂಬಿಗಸ್ತ. ಸಿಪ್ಪೆಯನ್ನು ಕಾಲಬುಡಕ್ಕೇ ಹಾಕುವುದು ಇಲ್ಲಿನ ರೂಢಿ, ಬಸವನಗುಡಿಯ ಪರಿಷೆ ಮುಗಿದ ಬೀದಿಯ ಹಾಗೆ ಕಾಣುತ್ತದೆ. ಉಪ್ಪು ಮೆತ್ತಿದ ಬೆರಳಲ್ಲಿ ಹಾಳೆ ಮುಟ್ಟಿದರೆ ಮಾತ್ರ ಪೆನ್ಸಿಲ್ ಗುರುತೆಲ್ಲ ಕಲಸಿಹೋಗುತ್ತದೆ.

ಇನ್ನು ಬರೆಯುವುದು. ಹಾಳೆಯಲ್ಲಿ ಅಡ್ಡಸಾಲು ಬ್ಯಾಟರ್‌ಗೆ, ಕಂಬಸಾಲು ಇನಿಂಗ್ಸ್‌ಗೆ. ಎರಡೂ ಕೂಡುವ ಪ್ರತಿ ಮನೆಯಲ್ಲಿ ಕಾಜು ಬರ್ಫಿ ಆಕಾರದ ಸಣ್ಣ ಚಿತ್ರ. ಅದೇ ಮೈದಾನ: ಕೆಳತುದಿ ಹೋಮ್, ಬಲತುದಿ ಒಂದನೇ ಬೇಸ್, ಮೇಲ್ತುದಿ ಎರಡು, ಎಡತುದಿ ಮೂರು. ಬ್ಯಾಟರ್ ಈ ಬೇಸ್‌ಗಳನ್ನು ಇದೇ ಕ್ರಮದಲ್ಲಿ ಸುತ್ತಿ ಹೋಮ್‌ಗೆ ವಾಪಸಾಗಬೇಕು. ಆಟಗಾರ ಎಲ್ಲಿವರೆಗೆ ತಲುಪಿದನೋ ಅಲ್ಲಿವರೆಗೆ ಗೆರೆ ಎಳೆಯಿರಿ. ಮತ್ತೆ ಹೋಮ್ ಮುಟ್ಟಿದರೆ ಬರ್ಫಿಯನ್ನು ಪೂರ್ತಿ ಕಪ್ಪಾಗಿಸಿ, ಅದು ಒಂದು ರನ್.

ಫೀಲ್ಡರ್‌ಗಳಿಗೆ ಅಂಗಿಯ ಸಂಖ್ಯೆ ಬಿಟ್ಟು ಜಾಗದ ಸಂಖ್ಯೆ ಹಾಕಬೇಕು. ಪಿಚರ್ 1, ಕ್ಯಾಚರ್ 2, ಒಂದನೇ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಶಾರ್ಟ್‌ಸ್ಟಾಪ್ 6, ಲೆಫ್ಟ್ ಫೀಲ್ಡ್ 7, ಸೆಂಟರ್ 8, ರೈಟ್ 9. ಕಲಿಯುವವರು ತಪ್ಪುವುದು 5 ಮತ್ತು 6ರಲ್ಲಿ, ಯಾಕೆಂದರೆ ಮೈದಾನದಲ್ಲಿ ಬಲದಿಂದ ಎಡಕ್ಕೆ ಎಣಿಸಿದರೆ ಶಾರ್ಟ್‌ಸ್ಟಾಪ್ 5 ಆಗಬೇಕಿತ್ತು. ಬೇಸ್ ಕಾಯುವ ಮೂವರನ್ನು ಮೊದಲು ಮುಗಿಸಿ ಶಾರ್ಟ್‌ಸ್ಟಾಪ್‌ಗೆ ಬರುತ್ತಾರೆ ಎಂದು ನೆನಪಿಟ್ಟುಕೊಂಡರೆ ಗೊಂದಲವಿಲ್ಲ. 6-4-3 ಎಂದರೆ ಶಾರ್ಟ್‌ಸ್ಟಾಪ್ ಹಿಡಿದು, ಎರಡನೇ ಬೇಸ್‌ನವನಿಗೆ ಕೊಟ್ಟು, ಅವನು ಒಂದನೇ ಬೇಸ್‌ಗೆ ಎಸೆದು ಎರಡು ಔಟ್. ಕಬ್ಸ್ ಅಭಿಮಾನಿಗಳಿಗೆ ಈ ಮೂರು ಅಂಕಿ ದೇವರ ನಾಮವಿದ್ದ ಹಾಗೆ. 1907, 1908ರಲ್ಲಿ ಚಾಂಪಿಯನ್ ಆದ ತಂಡದ ಟಿಂಕರ್, ಎವರ್ಸ್, ಚಾನ್ಸ್ ಇದೇ ಮೂರು ಜಾಗದವರು. ಅವರು ಆಡಿದ್ದು ಬೇರೆ ಮೈದಾನದಲ್ಲಿ. ಆಗ ರಿಗ್ಲಿ ಇರಲೇ ಇಲ್ಲ.

ಸ್ಟ್ರೈಕ್ ಎಂದರೆ ಬೀಸಿ ತಪ್ಪಿದ, ಅಥವಾ ಹೊಡೆಯಬೇಕಿದ್ದೂ ಬಿಟ್ಟ ಎಸೆತ; ಮೂರಾದರೆ ಔಟ್. ಬೀಸಿ ತಪ್ಪಿ ಮೂರನೇ ಸ್ಟ್ರೈಕ್ ಆದರೆ ‘ಕೆ’. ಬ್ಯಾಟ್ ಎತ್ತದೆ ನೋಡುತ್ತಾ ನಿಂತು ಔಟಾದರೆ ಅದೇ ಇಂಗ್ಲಿಷ್ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ‘ಕೆ’ ಬಂದದ್ದು ಚಾಡ್ವಿಕ್‌ನಿಂದ: ‘ಎಸ್’ ಅಕ್ಷರವನ್ನು ಆಗಲೇ ಸ್ಯಾಕ್ರಿಫೈಸ್‌ಗೆ (ತಾನು ಔಟಾಗಿ ಓಟಗಾರನನ್ನು ಮುಂದೆ ಕಳಿಸುವ ಹೊಡೆತ) ಕೊಟ್ಟಾಗಿತ್ತು, ಹಾಗಾಗಿ ‘ಸ್ಟ್ರಕ್’ ಪದದ ಕೊನೆಯ ಅಕ್ಷರ ತೆಗೆದುಕೊಂಡ. ವಾಕ್‌ಗೆ (ಗುರಿ ತಪ್ಪಿದ ನಾಲ್ಕು ಎಸೆತ, ಅಂದರೆ ನಾಲ್ಕು ಬಾಲ್ ಆದರೆ ಸಿಗುವ ಪುಕ್ಕಟೆ ಒಂದನೇ ಬೇಸ್) ಬಿಬಿ, ಚೆಂಡು ಮೈಗೆ ತಾಗಿ ಹೋದರೆ ಎಚ್‌ಬಿಪಿ, ತಪ್ಪಿಗೆ ‘ಇ’ ಮತ್ತು ತಪ್ಪಿದವನ ಸಂಖ್ಯೆ, ಹೊಡೆತವಿಲ್ಲದೆ ಓಡಿ ಕದ್ದ ಬೇಸ್‌ಗೆ ಎಸ್‌ಬಿ. ಇಷ್ಟು ಬಂದರೆ ಮುಕ್ಕಾಲು ಆಟ ಬರೆಯಬಹುದು.

ಅರ್ಧ ಇನಿಂಗ್ಸ್ ಬರೆದು ನೋಡೋಣ. ಪಟ್ಟಿಯ ಮೊದಲನೆಯವ ನೆಲಕ್ಕೆ ಹೊಡೆದ, ಶಾರ್ಟ್‌ಸ್ಟಾಪ್ ಹಿಡಿದು ಒಂದನೇ ಬೇಸ್‌ಗೆ ಎಸೆದ: ಮನೆಯಲ್ಲಿ 6-3, ಮೂಲೆಯಲ್ಲಿ ಸುತ್ತು ಹಾಕಿದ 1, ಅಂದರೆ ಮೊದಲ ಔಟ್. ಎರಡನೆಯವನಿಗೆ ವಾಕ್: ಬಿಬಿ, ಒಂದನೇ ಬೇಸ್‌ವರೆಗೆ ಗೆರೆ. ಮೂರನೆಯವ ರೈಟ್ ಫೀಲ್ಡ್‌ಗೆ ಸಿಂಗಲ್ ಹೊಡೆದ, ಬೇಸ್‌ನಲ್ಲಿದ್ದವ ಓಡಿ ಮೂರಕ್ಕೆ ಹೋದ. ಈಗ ಎರಡು ಮನೆಯಲ್ಲಿ ಕೆಲಸ: ಮೂರನೆಯವನ ಮನೆಯಲ್ಲಿ ಒಂದನೇ ಬೇಸ್‌ಗೆ ಗೆರೆ, ಪಕ್ಕದಲ್ಲಿ 9, ಎರಡನೆಯವನ ಗೆರೆಯನ್ನು ಮೂರರವರೆಗೆ ಬೆಳೆಸಿ, ಅದರ ಮಗ್ಗುಲಲ್ಲಿ ಚಿಕ್ಕದಾಗಿ ‘3’, ಅಂದರೆ ಪಟ್ಟಿಯ ಮೂರನೆಯವನ ಹೊಡೆತದಿಂದ ಮುಂದೆ ಹೋದ ಎಂದು. ನಾಲ್ಕನೆಯವ ಸೆಂಟರ್‌ಗೆ ಉದ್ದ ಹೊಡೆದು ಕ್ಯಾಚ್ ಕೊಟ್ಟ, ಮೂರನೇ ಬೇಸ್‌ನಲ್ಲಿದ್ದ ಎರಡನೆಯವ ಹೋಮ್‌ಗೆ ಓಡಿ ಬಂದ: ನಾಲ್ಕನೆಯವನಿಗೆ ಎಸ್‌ಎಫ್8 (ಸ್ಯಾಕ್ರಿಫೈಸ್ ಫ್ಲೈ, ಹಿಡಿದವನು 8), ಸುತ್ತು ಹಾಕಿದ 2, ಎರಡನೆಯವನ ಬರ್ಫಿ ಪೂರ್ತಿ ಕಪ್ಪು. ಐದನೆಯವ ಮತ್ತೆ ಶಾರ್ಟ್‌ಸ್ಟಾಪ್‌ಗೆ ಹೊಡೆದ, ಅವನು ಎರಡನೇ ಬೇಸ್‌ಗೆ ಎಸೆದು ಅಲ್ಲಿಗೆ ಓಡುತ್ತಿದ್ದವನನ್ನು ಔಟ್ ಮಾಡಿದ. ಔಟ್ ಆದದ್ದು ಮೂರನೆಯವ, ಹಾಗಾಗಿ 6-4 ಮತ್ತು ಸುತ್ತು ಹಾಕಿದ 3 ಬರುವುದು ಅವನ ಮನೆಯಲ್ಲಿ, ಐದನೆಯವನಿಗೆ ಎಫ್‌ಸಿ (ಫೀಲ್ಡರ್ಸ್ ಚಾಯ್ಸ್: ಫೀಲ್ಡರ್ ಬೇರೆಯವನನ್ನು ಔಟ್ ಮಾಡಲು ಹೋದದ್ದರಿಂದ ಬೇಸ್ ತಲುಪಿದವನು). ಐದನೆಯವನ ಮನೆಯ ಬಲಗಡೆ ಕೆಳಮೂಲೆಯಲ್ಲಿ ಓರೆ ಗೆರೆ ಎಳೆಯಿರಿ, ಇನಿಂಗ್ಸ್ ಇಲ್ಲಿಗೆ ಮುಗಿಯಿತು. ಕಂಬಸಾಲಿನ ಬುಡದಲ್ಲಿ: ರನ್ 1, ಹಿಟ್ 1 (ಮೂರನೆಯವನ ಸಿಂಗಲ್), ಬೇಸ್‌ನಲ್ಲಿ ಉಳಿದವರು 1.

ಹೊಸಬರು ಇಲ್ಲಿ ಮಾಡುವ ತಪ್ಪು ಒಂದೇ: ಔಟಾದವನ ಬದಲು ಹೊಡೆದವನ ಮನೆಯಲ್ಲಿ 6-4 ಬರೆಯುವುದು. ಮೂರು ಇನಿಂಗ್ಸ್ ಕಳೆದ ಮೇಲೆ ಬೇಸ್‌ನಲ್ಲಿ ಯಾರಿದ್ದರು ಎಂದು ಹಾಳೆ ನೋಡಿದರೆ ಸತ್ತವನು ಬದುಕಿರುತ್ತಾನೆ.

ಬರೆಯಲು ಮೊದಲಿನಷ್ಟು ಪುರಸೊತ್ತೂ ಈಗ ಇಲ್ಲ. 2023ರಿಂದ ಪಿಚ್ ಗಡಿಯಾರ ಬಂದಿದೆ. ಬೇಸ್ ಖಾಲಿ ಇದ್ದರೆ ಪಿಚರ್‌ಗೆ ಎಸೆಯಲು 15 ಸೆಕೆಂಡ್, ಓಟಗಾರರಿದ್ದರೆ ಈಗ 18. ಒಬ್ಬ ಬ್ಯಾಟರ್ ಹೋಗಿ ಇನ್ನೊಬ್ಬ ಬರುವುದಕ್ಕೆ 30. ಪ್ರತಿ ಬಾಲು, ಪ್ರತಿ ಸ್ಟ್ರೈಕು ಗುರುತು ಹಾಕುತ್ತೇನೆಂದು ಹೊರಟರೆ ಮೊದಲ ದಿನವೇ ಕೈಬಿಡುತ್ತೀರಿ. ಫಲಿತಾಂಶ ಮೊದಲು, ಓಟಗಾರರ ಗೆರೆ ಆಮೇಲೆ, ಅಲಂಕಾರ ಇನಿಂಗ್ಸ್ ನಡುವಿನ ಎರಡು ನಿಮಿಷದಲ್ಲಿ. ಹಿಟ್ಟೋ ಫೀಲ್ಡರ್ ತಪ್ಪೋ ಎಂಬ ಸಂಶಯವಿದ್ದರೆ ಅಧಿಕೃತ ಸ್ಕೋರರ್ ತೀರ್ಮಾನ ಪರದೆಯ ಮೇಲೆ ಬರುವವರೆಗೆ ತೆಳುವಾಗಿ ಬರೆದಿಡಿ. ಪಿಚರ್ ಬದಲಾಗುವುದು ಇಲ್ಲಿ ಸುಲಭಕ್ಕೆ ಗೊತ್ತಾಗದು: ಮೊದಲು ಗೆರೆಯಾಚೆ ಮೈದಾನದಲ್ಲೇ ಕೈ ಬಿಸಿ ಮಾಡಿಕೊಳ್ಳುತ್ತಿದ್ದ ಬದಲಿ ಪಿಚರ್‌ಗಳನ್ನು 2017ರಲ್ಲಿ ಬ್ಲೀಚರ್ಸ್ ಅಡಿಗೆ ಕಳಿಸಿದರು. ಬದಲಾದ ತಕ್ಷಣ ಆಗ ಆಡಲು ಬರುವ ಬ್ಯಾಟರ್‌ನ ಮನೆಯ ಮೇಲೆ ಅಡ್ಡ ಗೆರೆ ಎಳೆಯದಿದ್ದರೆ ಯಾರ ಕಾಲದಲ್ಲಿ ಯಾವ ರನ್ ಎಂಬುದು ಆಮೇಲೆ ಹೊಳೆಯುವುದಿಲ್ಲ. ಒಂದು ಉಪಕಾರವಾಗಿದೆ: 2022ರಿಂದ ಕಬ್ಸ್ ಆಡುವ ನ್ಯಾಷನಲ್ ಲೀಗ್‌ನಲ್ಲೂ ಪಿಚರ್ ಬ್ಯಾಟ್ ಮಾಡುವುದಿಲ್ಲ, ಹಾಗಾಗಿ ಪಟ್ಟಿಯ ಅದಲುಬದಲು ತುಂಬಾ ಕಡಿಮೆ.

ರಿಗ್ಲಿಗೇ ವಿಶೇಷವಾದದ್ದು ಬಳ್ಳಿ. ಔಟ್‌ಫೀಲ್ಡ್‌ನ ಇಟ್ಟಿಗೆ ಗೋಡೆಗೆ 1937ರಲ್ಲಿ ನೆಟ್ಟದ್ದು. ಏಪ್ರಿಲ್‌ನಲ್ಲಿ ಹೋದವರು ಬರೀ ಒಣ ಕಡ್ಡಿ ನೋಡಿ ಪೆಚ್ಚಾಗುತ್ತಾರೆ. ಹಸಿರು ತುಂಬುವುದು ಮೇ ಕಳೆಯುತ್ತಾ. ಎಲೆ ದಟ್ಟವಾದ ಮೇಲೆ ಚೆಂಡು ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಆಗ ಫೀಲ್ಡರ್ ಎರಡೂ ಕೈ ಮೇಲೆತ್ತಿ ನಿಂತರೆ ಅಂಪೈರ್ ಬ್ಯಾಟರ್‌ಗೆ ಎರಡು ಬೇಸ್ ಕೊಡುತ್ತಾನೆ, ಬೇಸ್‌ನಲ್ಲಿದ್ದವರಿಗೂ ಎರಡೆರಡೇ. ಕೈ ಎತ್ತದೆ ಬಳ್ಳಿಯೊಳಗೆ ತಡಕಾಡಲು ಹೋದರೋ ಆಟ ಜೀವಂತ, ಓಟಗಾರ ಓಡುತ್ತಲೇ ಇರಬಹುದು. ಆದ್ದರಿಂದ ಚೆಂಡು ಬಳ್ಳಿಗೆ ಬಡಿದಾಗ ಓಟಗಾರನನ್ನು ಬಿಟ್ಟು ಫೀಲ್ಡರ್‌ನ ಕೈ ನೋಡಿ. ಗೋಡೆಯ ತಲೆಗೆ 1970ರಲ್ಲಿ ಕಟ್ಟಿದ ತಂತಿ ಬುಟ್ಟಿಯಿದೆ, ಜನ ಮೈದಾನಕ್ಕೆ ಜಿಗಿಯಬಾರದೆಂದು. ಅದರಲ್ಲಿ ಬಿದ್ದ ಚೆಂಡು ಹೋಮ್ ರನ್.

ಒಂದೇ ಇನಿಂಗ್ಸ್‌ನಲ್ಲಿ ಒಂಬತ್ತೂ ಜನ ಆಡಿ ಹತ್ತನೆಯ ಸರದಿ ಬಂದರೆ ಮನೆ ಖಾಲಿ ಇರುವುದಿಲ್ಲ. ಮುಂದಿನ ಕಂಬಸಾಲಿಗೆ ಹೋಗಿ, ಮೇಲಿನ ಇನಿಂಗ್ಸ್ ಸಂಖ್ಯೆ ತಿದ್ದಿ. 1979ರ ಆಟದ ಮೊದಲ ಇನಿಂಗ್ಸ್‌ನಲ್ಲೇ ಫಿಲೀಸ್‌ಗೆ 7 ರನ್; 3 ಔಟ್ ಸೇರಿಸಿದರೆ ಕಡಿಮೆ ಎಂದರೂ ಹತ್ತು ಸರದಿ. ಅಂದು ಬರೆಯಲು ಕೂತವರ ಹಾಳೆ ಮೊದಲ ಕಾಲು ಗಂಟೆಯಲ್ಲೇ ಕೆಟ್ಟಿರುತ್ತದೆ. ಗಾಳಿ ಹೊರಕ್ಕೆ ಬೀಸುವ ದಿನ ಹೆಚ್ಚುವರಿ ಹಾಳೆ ಒಯ್ಯಿರಿ ಎಂಬುದು ಇದಕ್ಕೇ.

ಸ್ಕೋರ್‌ಬೋರ್ಡನ್ನೂ ಓದಲು ಕಲಿಯಿರಿ. ಎಡಬಲಗಳಲ್ಲಿ ಎರಡು ಲೀಗ್‌ಗಳ ಬೇರೆ ಊರಿನ ಆಟಗಳು ಇನಿಂಗ್ಸ್ ಇನಿಂಗ್ಸ್ ಆಗಿ ಬರುತ್ತವೆ. ಮೇಲಿನ ಬಾವುಟಗಳಿಗೆ ಗಾಳಿ ತೋರಿಸುವುದಷ್ಟೇ ಕೆಲಸವಲ್ಲ. ಮೂರು ಹಗ್ಗ, ಹಗ್ಗಕ್ಕೊಂದು ಡಿವಿಷನ್ (ನ್ಯಾಷನಲ್ ಲೀಗ್‌ನೊಳಗಿನ ಗುಂಪು), ತಂಡಗಳ ಬಾವುಟ ಆಯಾ ದಿನದ ಸ್ಥಾನಕ್ಕೆ ತಕ್ಕಂತೆ ಮೇಲಿಂದ ಕೆಳಕ್ಕೆ. ಕಬ್ಸ್ ಬಾವುಟ ತುದಿಯಲ್ಲಿದ್ದರೆ ಸುತ್ತಲಿನವರು ಮಾತಾಡಿಸಿದರೆ ನಗುನಗುತ್ತಾ ಉತ್ತರ ಕೊಡುತ್ತಾರೆ. 1908ರ ನಂತರ 2016ರವರೆಗೆ, 108 ವರ್ಷ, ಚಾಂಪಿಯನ್ ಪಟ್ಟದ ವರ್ಲ್ಡ್ ಸೀರೀಸ್ ಗೆಲ್ಲದೆ ಕಾದ ಜನ. ಆ ವರ್ಷ ಹೊರಗೋಡೆಯ ಇಟ್ಟಿಗೆಗಳ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದರು. ಅನೇಕವು ಅಷ್ಟರೊಳಗೆ ತೀರಿಹೋಗಿದ್ದ ಅಪ್ಪಂದಿರ, ಅಜ್ಜಂದಿರ ಹೆಸರುಗಳು.

ಏಳನೇ ಇನಿಂಗ್ಸ್‌ನ ನಡುವೆ ಎಲ್ಲರೂ ಎದ್ದು ನಿಂತು ಹಾಡುತ್ತಾರೆ. ಪೆನ್ಸಿಲ್ ಕಿವಿಗೆ ಸಿಕ್ಕಿಸಿ ನೀವೂ ಏಳಿ.

ಆಟ ಮುಗಿದ ಕೂಡಲೇ ಆ್ಯಡಿಸನ್ ಸ್ಟೇಷನ್ ಕಡೆ ನುಗ್ಗಬೇಡಿ. ಪ್ಲಾಟ್‌ಫಾರ್ಮ್‌ಗೆ ಹತ್ತುವ ಮೆಟ್ಟಿಲಲ್ಲೇ ಹಿಸುಕಿಹಾಕುತ್ತಾರೆ. ಕೂತಲ್ಲೇ ತಾಳೆ ನೋಡಿ. ಒಂದು ತಂಡದ ಒಟ್ಟು ಬ್ಯಾಟಿಂಗ್ ಸರದಿಗಳು ಎಷ್ಟೋ, ಅದರ ರನ್, ಬೇಸ್‌ನಲ್ಲಿ ಉಳಿದವರು, ಔಟ್ ಈ ಮೂರರ ಮೊತ್ತ ಅಷ್ಟೇ ಬರಬೇಕು. ಮೇಲಿನ ಅರ್ಧ ಇನಿಂಗ್ಸ್‌ನಲ್ಲಿ ಐದು ಸರದಿ. ರನ್ 1, ಉಳಿದವರು 1, ಔಟ್ 3, ಸರಿಹೋಯಿತು. ಬರದಿದ್ದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಎಫ್‌ಸಿ ಇರುವ ಮನೆಯಲ್ಲೇ ಇರುತ್ತದೆ. ಆಟ ಹತ್ತನೇ ಇನಿಂಗ್ಸ್‌ಗೆ ಹೋಗಿದ್ದರೆ ಇನ್ನೊಂದು ತಿರುವು: ಈಗಿನ ನಿಯಮದಂತೆ ಸೀಸನ್‌ನ ಮಾಮೂಲಿ ಆಟಗಳ ಹೆಚ್ಚುವರಿ ಇನಿಂಗ್ಸ್‌ಗಳಲ್ಲಿ ಎರಡನೇ ಬೇಸ್ ಮೇಲೆ ಒಬ್ಬನನ್ನು ಪುಕ್ಕಟೆ ನಿಲ್ಲಿಸುತ್ತಾರೆ. ಅವನು ಬ್ಯಾಟ್ ಹಿಡಿಯದೆ ಬಂದವನು, ಆದ್ದರಿಂದ ಅಂಥ ಪ್ರತಿ ಇನಿಂಗ್ಸ್‌ಗೆ ಸರದಿಗಳ ಲೆಕ್ಕಕ್ಕೆ ಒಂದು ಸೇರಿಸಿಕೊಳ್ಳಬೇಕು. ಅವನು ಹೋಮ್ ಮುಟ್ಟಿದರೂ ಆ ರನ್ ಪಿಚರ್‌ನ ಖಾತೆಗೆ ಅರ್ನ್ಡ್ ರನ್ (ಪಿಚರ್ ಹೊಣೆಯಾಗುವ ರನ್) ಆಗಿ ಹೋಗುವುದಿಲ್ಲ.

ತಾಳೆ ಮುಗಿಸಿ ತಲೆ ಎತ್ತುವಷ್ಟರಲ್ಲಿ ಸ್ಕೋರ್‌ಬೋರ್ಡ್ ಮೇಲೆ ಬಾವುಟ ಏರಿರುತ್ತದೆ. ಬಿಳಿ ಬಟ್ಟೆಯ ಮೇಲೆ ನೀಲಿ ‘ಡಬ್ಲ್ಯೂ’ ಇದ್ದರೆ ಗೆಲುವು, ನೀಲಿಯ ಮೇಲೆ ಬಿಳಿ ‘ಎಲ್’ ಇದ್ದರೆ ಸೋಲು. ಒಂದೇ ದಿನ ಎರಡು ಆಟ ಆಡಿ ಒಂದು ಗೆದ್ದು ಒಂದು ಸೋತರೆ ಎರಡನ್ನೂ ಹಾರಿಸುತ್ತಾರೆ. ಹಾಳೆಯ ಮೂಲೆಯಲ್ಲಿ ಅದೇ ಅಕ್ಷರ, ತಾರೀಕು, ಗಾಳಿಯ ದಿಕ್ಕು ಬರೆದುಕೊಂಡು, ದಕ್ಷಿಣಕ್ಕೆ ಮುಕ್ಕಾಲು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ನಡೆದು ಬೆಲ್ಮಾಂಟ್‌ನಲ್ಲಿ ರೈಲು ಹತ್ತಿ. ಅಲ್ಲಿ ರೆಡ್ ಲೈನ್ ಜೊತೆ ಬ್ರೌನ್ ಲೈನ್ ಕೂಡ ನಿಲ್ಲುತ್ತದೆ.